ಹೇಳದೆ ತಿದ್ದಿದ ಅರವತ್ತಮೂರು ಸಾಲು

ಜನವರಿ 6, ಸೋಮವಾರ. ಸಂಜೆ 4.50, ಕಂಪ್ಯೂಟರ್ ಲ್ಯಾಬ್

ಎಲ್ಲರೂ ಹೋದರು. ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಕೂತೆ. ಮಕ್ಕಳ ಕೋಡ್‌ನಲ್ಲಿ ಇವತ್ತು ತಿದ್ದಿದ್ದು —

ಮೈಕು: ಬ್ರಾಕೆಟ್ ತೆರೆದಿದ್ದಾನೆ, ಮುಚ್ಚಿಲ್ಲ. ಮುಚ್ಚಿದೆ.
ಕನ್ನಡಕದ ಹುಡುಗಿ: ಪರದೆ ಸರಿಯುವ ಬದಲು ಇಡೀ ಮನೆಯೇ ಸರಿದು ಹೋಗುತ್ತಿದೆ. ಮೈನಸ್ ಬಿಟ್ಟಿದ್ದಾಳೆ. ಹಾಕಿದೆ.
ಉದ್ದನೆಯ ಹುಡುಗ: ದೀಪ ಹತ್ತುತ್ತದೆ, ಆರುವುದೇ ಇಲ್ಲ. ಎರಡು ಸಾಲು ಅದಲುಬದಲು. ಸರಿ ಮಾಡಿದೆ.

ನವೆಂಬರ್‌ನಿಂದ ಇಲ್ಲಿಗೆ ನಲವತ್ತೊಂಬತ್ತು. ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳುವುದು ಹಳೇ ಚಾಳಿ. ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದವಳು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಟೈಪ್‌ರೈಟರ್‌ಗಳು ಗುಜರಿಗೆ ಹೋದವು, ನಾನು ಎರಡು ಬೇಸಿಗೆ ಕೋರ್ಸ್ ಮಾಡಿ ಈ ಲ್ಯಾಬಿಗೆ ಬಂದೆ, ಚಾಳಿಯೂ ಜೊತೆಗೇ ಬಂತು.

ಪ್ರಾಜೆಕ್ಟ್ ಬಗ್ಗೆ ಅರ್ಧ ಪುಟ ಬರೆದು ಕೊಡಿ ಎಂದು ಹೆಡ್‌ಮಾಸ್ಟರ್ ಕೇಳಿದ್ದಾರೆ. ಇಲ್ಲೇ ಕರಡು ಮಾಡಿಬಿಡುತ್ತೇನೆ. "ಒಂಬತ್ತನೇ ತರಗತಿಯ ಇಪ್ಪತ್ತನಾಲ್ಕು ಮಕ್ಕಳು ಸೇರಿ ಒಂದು ಕಟ್ಟಡ ಮಾಡುತ್ತಿದ್ದಾರೆ. ನಾಲ್ಕು ಮಹಡಿ, ಮಹಡಿಗೆ ಆರು ಕಿಟಕಿ. ಒಬ್ಬೊಬ್ಬರಿಗೆ ಒಂದೊಂದು ಕಿಟಕಿ. ಅದರೊಳಗೆ ಏನು ನಡೆಯಬೇಕು ಎಂದು ಅವರೇ ಯೋಚಿಸಿ, ಅವರೇ ಕೋಡ್ ಬರೆಯುತ್ತಾರೆ. ಫೆಬ್ರವರಿ 8ರಂದು ಪಾಲಕರು ಬಂದಾಗ ಇಡೀ ಕಟ್ಟಡ ಗೋಡೆಯ ಮೇಲೆ ಐದು ನಿಮಿಷ ಓಡುತ್ತದೆ."

ಅವರೇ ಬರೆಯುತ್ತಾರೆ... ಅಲ್ಲಿ ಪೆನ್ ಒಂದು ಕ್ಷಣ ನಿಂತಿತು. ಬರೆಯುವುದು ಅವರೇ ತಾನೇ. ನಾನು ಆಮೇಲೆ ಸ್ವಲ್ಪ ಕೈಯಾಡಿಸುತ್ತೇನೆ, ಅಷ್ಟೇ.

ಜನವರಿ 8, ಬುಧವಾರ. ಸಂಜೆ

ಮೈಕು ಇವತ್ತು ನಗಿಸಿಬಿಟ್ಟ. ಅವನಿಗೆ ಆ ಹೆಸರು ಇಟ್ಟಿದ್ದು ಕ್ಲಾಸಿನವರು, ಅವನು ಪಿಸುಗುಟ್ಟಿದರೂ ಪಕ್ಕದ ಕಟ್ಟಡಕ್ಕೆ ಕೇಳುತ್ತದೆ. ಅವನ ಕಿಟಕಿಯಲ್ಲಿ ಬೆಕ್ಕು ಕಟ್ಟೆಯ ಮೇಲೆ ನಡೆಯಬೇಕು. ಇವತ್ತು ಗಾಳಿಯಲ್ಲಿ ನಡೆಯಿತು. ಪಕ್ಕದ ಹುಡುಗ ತಲೆ ಕೆಡಿಸಿಕೊಂಡು ಸಾಲು ಸಾಲು ಹುಡುಕುತ್ತಿದ್ದರೆ ಇವನು ಹಾಯಾಗಿ ಕುರ್ಚಿಗೆ ಒರಗಿ, ಬಿಡೋ ಮಾರಾಯ, ಸೇವ್ ಮಾಡಿ ಇಟ್ಟುಬಿಡು, ಕೋಡ್ ಒಂದು ರಾತ್ರಿ ನೆನೆದರೆ ತಾನಾಗೇ ಸರಿಹೋಗುತ್ತೆ ಎಂದ. ಐದಾರು ಜನ ಹೌದು ಹೌದು ಎಂದರು. ಒಬ್ಬಳಂತೂ ಶುಕ್ರವಾರ ಇಟ್ಟರೆ ಇನ್ನೂ ಚೆನ್ನಾಗಿ ಸರಿಹೋಗುತ್ತದೆ, ಎರಡು ದಿನ ಸಿಗುತ್ತಲ್ಲ ಎಂದಳು.

ನಗು ತಡೆಯಲಾಗದೆ ಬೋರ್ಡ್ ಕಡೆ ತಿರುಗಿದೆ. ಒಳಗೊಳಗೇ ಸ್ವಲ್ಪ ಹೆಮ್ಮೆ ಕೂಡ ಆಯಿತು, ಸುಳ್ಳೇಕೆ ಹೇಳಲಿ.

ಸಂಜೆ ಬೆಕ್ಕನ್ನು ಕಟ್ಟೆಯ ಮೇಲೆ ಇಳಿಸಿದೆ, ಇನ್ನಿಬ್ಬರದೂ ಸರಿಮಾಡಿದೆ. ಐವತ್ತೆರಡು.

ಜನವರಿ 10, ಶುಕ್ರವಾರ. 5.15

ಇವತ್ತು ಐದು. ನಾಲ್ಕು ಮಾಮೂಲಿ. ಐದನೆಯದು ನಿಧಾನಿಯದು.

ನಿಧಾನಿ ಎಂದರೆ ಮೂರನೇ ಬೆಂಚಿನ ತುದಿಯ ಹುಡುಗಿ. ಮಾತು ನಿಧಾನ, ನಡಿಗೆ ನಿಧಾನ, ಟೈಪಿಂಗ್ ಕೇಳಲೇಬೇಡಿ. ಎರಡು ಬೆರಳು. ಆದರೆ ಬರೆದದ್ದು ಅಚ್ಚುಕಟ್ಟು. ಎರಡು ತಿಂಗಳಲ್ಲಿ ಅವಳದ್ದೊಂದು ತಪ್ಪು ನನ್ನ ಪೆನ್ಸಿಲ್‌ಗೆ ಸಿಕ್ಕಿರಲಿಲ್ಲ. ಎರಡನೇ ಮಹಡಿಯ ಕಿಟಕಿ ಅವಳದು. ಕಿಟಕಿ ಕತ್ತಲಾಗಿರುತ್ತದೆ, ಆಮೇಲೆ ಒಬ್ಬ ಅಜ್ಜಿ ಬಂದು ಹೊರಗೆ ಬಗ್ಗಿ ನೋಡುತ್ತಾಳೆ. ಅಷ್ಟೇ. ಕೋಡ್ ರನ್ ಮಾಡಿ ಕಾಯುತ್ತ ಕೂತೆ. ಅಜ್ಜಿ ಇಲ್ಲ. ಟೀ ಮುಗಿಯಿತು. ಅಜ್ಜಿ ಇಲ್ಲ. ಸಾಲು ತೆರೆದು ನೋಡಿದರೆ ಕಾಯುವ ಹೊತ್ತು ನೂರೆಪ್ಪತ್ತು ಸೆಕೆಂಡ್. ಉಳಿದವರೆಲ್ಲ ಎರಡು, ಐದು, ಹೆಚ್ಚೆಂದರೆ ಹದಿನೈದು ಹಾಕಿದ್ದಾರೆ. ಕೈತಪ್ಪಿ ಒಂದು ಸೊನ್ನೆ ಜಾಸ್ತಿ ಒತ್ತಿದ್ದಾಳೆ. ತೆಗೆದೆ. ಹದಿನೇಳು.

ಐವತ್ತೇಳು.

ಜನವರಿ 13, ಸೋಮವಾರ

ಮೊದಲ ಸಲ ಇಪ್ಪತ್ತನಾಲ್ಕೂ ಒಟ್ಟಿಗೆ ಓಡಿಸಿದೆವು. ಜೋಡಿಸುವ ಕೆಲಸ ಲೀಡರಮ್ಮನದು — ಕ್ಲಾಸ್ ಲೀಡರ್, ನಿಧಾನಿಯ ಪಕ್ಕ ಕೂರುವವಳು, ಒಂದನೇ ತರಗತಿಯಿಂದ ಇಬ್ಬರೂ ಅಂಟಿಕೊಂಡೇ ಇರುತ್ತಾರಂತೆ. ಎಲ್ಲರ ಫೈಲ್‌ಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಡ ನಿಲ್ಲಿಸುವುದು ಅವಳಿಗೆ ಕೊಟ್ಟಿದ್ದೇನೆ. ಅಚ್ಚುಕಟ್ಟಾಗಿ ಮಾಡುತ್ತಾಳೆ, ಅವಸರ ಸ್ವಲ್ಪ ಜಾಸ್ತಿ.

ಗೋಡೆಯ ಮೇಲೆ ದೀಪಗಳು ಒಂದೊಂದಾಗಿ ಹತ್ತಿದವು. ಬೆಕ್ಕು ಬಂತು. ಮೈಕು ಬೆಂಚಿನ ಮೇಲೆ ಹತ್ತಿ ನಿಂತ, ಇಳಿಸಿದೆ. ಹದಿನೇಳನೇ ಸೆಕೆಂಡಿಗೆ ಸರಿಯಾಗಿ ಅಜ್ಜಿ ಕಿಟಕಿಗೆ ಬಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನಿಧಾನಿ ಮಾತ್ರ ಗೋಡೆಯನ್ನೇ ನೋಡುತ್ತ ಕೂತಿದ್ದಳು. ಚೆನ್ನಾಗಿ ಬಂತಲ್ಲ ಎಂದು ಕೇಳಿದೆ. ಹೂಂ ಮಿಸ್ ಎಂದಳು.

ಸಂಜೆ ನೋಡಿದರೆ ಮತ್ತೆ ನೂರೆಪ್ಪತ್ತು. ಎಂಥ ಹುಡುಗಿ ಇವಳು. ಮೂರು ನಿಮಿಷ ಕತ್ತಲ ಕಿಟಕಿಯನ್ನು ಯಾರು ನೋಡಿಕೊಂಡು ಕೂರುತ್ತಾರೆ. ಮತ್ತೆ ತೆಗೆದೆ.

ಜನವರಿ 17, ಶುಕ್ರವಾರ

ನಿಧಾನಿ ಬುಧವಾರ ಅರ್ಧ ಕ್ಲಾಸಿಗೆ ಎದ್ದು ಹೋಗಿದ್ದಳು, ತಲೆನೋವು ಅಂದಿದ್ದಳು. ಇವತ್ತು ಬರಲೇ ಇಲ್ಲ. ಲೈಬ್ರರಿಯಲ್ಲಿ ಕೂತಿದ್ದಾಳಂತೆ. ಅವಳ ಫೈಲ್ ತೆರೆದೆ. ಖಾಲಿ. ಒಂದಕ್ಷರ ಇಲ್ಲ. ಎಲ್ಲ ಅಳಿಸಿ, ಸೇವ್ ಮಾಡಿ ಹೋಗಿದ್ದಾಳೆ.

ಸಿಟ್ಟು ನೆತ್ತಿಗೇರಿತು. ಇನ್ನು ಮೂರು ವಾರ ಇದೆ, ಇಪ್ಪತ್ತಮೂರು ಜನ ಒದ್ದಾಡುತ್ತಿದ್ದಾರೆ, ಇವಳಿಗೆ ಮಾತ್ರ ಕೊಬ್ಬು. ಲೀಡರಮ್ಮನನ್ನು ಏನಾಯಿತೆಂದು ಕೇಳಿದರೆ ಅವಳು ಮುಖ ಊದಿಸಿಕೊಂಡು, ನಂಗೆ ಗೊತ್ತಿಲ್ಲ ಮಿಸ್, ಅವಳು ನನ್ನ ಹತ್ರ ಮಾತಾಡಲ್ಲ ಎಂದಳು.

ಹಲ್ಲು ಕಚ್ಚಿಕೊಂಡು ಉಳಿದವರದು ತಿದ್ದಿದೆ. ಅರವತ್ತಮೂರು.

ಜನವರಿ 21, ಮಂಗಳವಾರ. ಮಧ್ಯಾಹ್ನ 1.40

ಬಿಡುವಿನಲ್ಲಿ ಲೈಬ್ರರಿಗೆ ಹೋದೆ. ಬೈಯಲಿಕ್ಕೆಂದೇ ಹೋದದ್ದು. ಕಿಟಕಿ ಪಕ್ಕದ ಮೇಜಿನಲ್ಲಿ ಯಾವುದೋ ಅಟ್ಲಾಸ್ ತೆರೆದಿಟ್ಟುಕೊಂಡು ಕೂತಿದ್ದಳು. ಎದುರು ಕುರ್ಚಿ ಎಳೆದುಕೊಂಡೆ. ಯಾಕಮ್ಮಾ ಅಳಿಸಿದೆ ಎಂದೆ.

"ಅದು ನಂದಲ್ಲ ಮಿಸ್."

ನಿನ್ನದಲ್ಲದೆ ಇನ್ಯಾರದು ಎಂದೆ. ಅಟ್ಲಾಸಿನ ಎರಡು ಪುಟ ಮಗುಚಿದಳು. ನಾನು ಕಾದೆ, ಅದೊಂದು ಮಾತ್ರ ಸರಿಯಾಗಿ ಮಾಡಿದೆ. ಆಮೇಲೆ ನಿಧಾನವಾಗಿ ಹೇಳಿದಳು. ಅವಳ ಮನೆ ಎರಡನೇ ಮಹಡಿಯಲ್ಲಂತೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಹಗಲಲ್ಲಿ ಮನೆಯಲ್ಲಿ ಅಜ್ಜಿ ಒಬ್ಬರೇ. ಕಳೆದ ವರ್ಷ ಬಿದ್ದು ಸೊಂಟದ ಆಪರೇಷನ್ ಆಗಿದೆ.

"ಶಾಲೆ ಬಿಟ್ಟು ಹೋಗಿ ಕೆಳಗಿಂದ ಕೂಗ್ತೀನಿ ಮಿಸ್. ಅಜ್ಜಿ ಕುರ್ಚಿಯಿಂದ ಎದ್ದು, ಗೋಡೆ ಹಿಡ್ಕೊಂಡು ಬಂದು, ಕಿಟಕಿಯಿಂದ ಬಗ್ಗಿ ನೋಡಿ ಕೀ ಕೆಳಗೆ ಹಾಕ್ತಾರೆ. ನೂರೆಪ್ಪತ್ತು ಸೆಕೆಂಡು. ದಿನಾ ಎಣಿಸ್ತೀನಿ. ಮೊದ್ಲು ಇನ್ನೂರ ಹತ್ತು ಇತ್ತು."

ಏನಾದರೂ ಹೇಳಬೇಕಲ್ಲ ಎಂದು, ನಿನ್ನ ಹತ್ತಿರ ಒಂದು ಕೀ ಇಟ್ಟುಕೊಳ್ಳಬಾರದೇ ಎಂದೆ. ಅವಳು ಬ್ಯಾಗಿನ ಸಣ್ಣ ಜಿಪ್ ತೆಗೆದು ತೋರಿಸಿದಳು. ಕೀ ಇದೆ.

"ಅಜ್ಜಿಗೆ ಗೊತ್ತಿಲ್ಲ ಮಿಸ್. ಗೊತ್ತಾದ್ರೆ ಅವ್ರು ಕುರ್ಚಿ ಬಿಟ್ಟು ಏಳೋದೇ ಇಲ್ಲ."

ಹದಿನೇಳು ಸೆಕೆಂಡಿಗೆ ಬರುವವಳು ನಮ್ಮಜ್ಜಿ ಅಲ್ಲ ಎಂದಳು. ಮೊದಲ ಸಲ ತಾನೇ ತಪ್ಪು ಒತ್ತಿರಬೇಕು ಎಂದುಕೊಂಡಳಂತೆ. ಅವಳ ಕೈಯನ್ನೇ ಅವಳು ನಂಬಲಿಲ್ಲ. ಮತ್ತೆ ಹಾಕಿದಳು, ಮೂರು ಸಲ ಓದಿ ನೋಡಿ ಸೇವ್ ಮಾಡಿದಳು. ಬುಧವಾರ ಮತ್ತೆ ಹದಿನೇಳು. ಆಗ ಗೊತ್ತಾಯಿತಂತೆ, ಯಾರೋ ಬದಲಾಯಿಸುತ್ತಿದ್ದಾರೆ ಎಂದು. ಯಾರೆಂದೂ ಗೊತ್ತು ಎಂದಳು. ನಾನು ಅಟ್ಲಾಸಿನ ಕಡೆ ನೋಡಿದೆ.

"ಲೀಡರ್, ಮಿಸ್. ಜೋಡ್ಸೋದು ಅವಳೇ ತಾನೇ. ಅವಳಿಗೆ ಕಾಯೋಕೇ ಆಗಲ್ಲ."

ಆಗಲೇ ಹೇಳಬೇಕಿತ್ತು. ನಾನಮ್ಮಾ, ನಾನು ಬದಲಾಯಿಸಿದ್ದು. ಐದು ಸೆಕೆಂಡಿನ ಮಾತು. ಬೆಲ್ ಹೊಡೆಯಿತು. ವಿಚಾರಿಸುತ್ತೇನೆ ಎಂದು ಎದ್ದು ಬಂದೆ.

ವಿಚಾರಿಸುತ್ತಾಳಂತೆ. ಯಾರನ್ನು? ಥೂ.

ಅದೇ ದಿನ, ಸಂಜೆ, ಮನೆ

ಇವರಿಗೆ ಎಲ್ಲ ಹೇಳಿದೆ. ಹೊಲಿಗೆ ಮೆಷಿನ್ ರಿಪೇರಿ ಮಾಡುವ ಮನುಷ್ಯ, ದಿನವಿಡೀ ಬೇರೆಯವರ ತಪ್ಪನ್ನೇ ಸರಿಮಾಡುತ್ತಾರೆ, ನನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಮಕ್ಕಳಿಗೆ ಬೇಜಾರಾಗಬಾರದು ಎಂದು ಮಾಡಿದ್ದು, ತಪ್ಪೇನಿದೆ ಎಂದೆ. ಎರಡು ತಿಂಗಳು ನಾನೇ ತಿದ್ದಿದ್ದೆಂದು ಈಗ ಹೇಳಿದರೆ ಅವರ ಉತ್ಸಾಹವೆಲ್ಲ ಮಣ್ಣುಪಾಲು ಎಂದೆ. ಅವರು ಸುಮ್ಮನೆ ಕೇಳಿಸಿಕೊಂಡರು. ತಟ್ಟೆ ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತ, ಆ ಲೀಡರ್ ಹುಡುಗಿ ಪಾಪ ಏನು ಮಾಡ್ತಾಳೆ ಎಂದಷ್ಟೇ ಕೇಳಿದರು.

ಅದಕ್ಕೇ ಅವರ ಮೇಲೆ ರೇಗಿದೆ.

ಜನವರಿ 22, ಬುಧವಾರ

ಇವತ್ತು ಹೇಳುವುದೆಂದು ತೀರ್ಮಾನಿಸಿಕೊಂಡೇ ಹೋದೆ. ಲ್ಯಾಬಿನ ಬಾಗಿಲಲ್ಲೇ ಮೈಕು ಅಡ್ಡ ಬಂದ. ಅಮ್ಮ ಒಪ್ಪಿದರಂತೆ, ಮುಂದೆ ಕಂಪ್ಯೂಟರ್ ವಿಷಯ ತೆಗೆದುಕೊಳ್ಳಲು. ಓದಿನಲ್ಲಿ ಅವನು ಅಷ್ಟಕ್ಕಷ್ಟೇ, ಅವರಮ್ಮ ಇದುವರೆಗೆ ಬೇಡವೆಂದೇ ಹೇಳುತ್ತಿದ್ದರು. ಬೆಕ್ಕು ನಡೆಯುವುದನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿದ್ದಾನೆ. ಇದನ್ನು ನೀನೇ ಮಾಡಿದೆಯಾ ಎಂದು ಅಮ್ಮ ನಾಲ್ಕು ಸಲ ಕೇಳಿದರಂತೆ. ನಾಲ್ಕು ಸಲವೂ ಹೌದೆಂದಿದ್ದಾನೆ. ಅವನು ಸುಳ್ಳು ಹೇಳಿಲ್ಲ, ಅವನಿಗೆ ಗೊತ್ತಿರುವುದು ಅಷ್ಟೇ.

ಹೇಳದೆಯೇ ಕ್ಲಾಸ್ ಮುಗಿಸಿದೆ.

ಕೊನೆಗೆ ಲೀಡರಮ್ಮ ಒಬ್ಬಳೇ ಉಳಿದಳು. ಈಗ ಅವಳು ಮುಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರುತ್ತಾಳೆ. ನಾನು ಯಾರ ಫೈಲನ್ನೂ ತೆರೆಯಲ್ಲ ಮಿಸ್, ಬರೀ ಜೋಡಿಸ್ತೀನಿ, ನೀವಾದ್ರೂ ಅವಳಿಗೆ ಹೇಳಿ ಎಂದಳು. ಕಣ್ಣಲ್ಲಿ ನೀರು. ಗೊತ್ತು ಕಣಮ್ಮ, ನಂಗೆ ಗೊತ್ತು ಎಂದೆ. ಅವಳಿಗೆ ಅದು ಸಮಾಧಾನದ ಮಾತು. ನನಗೆ ಮಾತ್ರ ಗೊತ್ತು ನನಗೆ ಎಷ್ಟು ಗೊತ್ತೆಂದು.

ಇವತ್ತು ಒಂದನ್ನೂ ತಿದ್ದಲಿಲ್ಲ. ಕಂಪ್ಯೂಟರ್ ಆರಿಸಿ ಮನೆಗೆ ಬಂದೆ.

ಜನವರಿ 24, ಶುಕ್ರವಾರ. 5.30

ಹೇಳಿದೆ.

ನಿಧಾನಿಯನ್ನು ಲೈಬ್ರರಿಯಿಂದ ನಾನೇ ಕರೆತಂದೆ. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತಳು. ಭಾಷಣ ಬೇಡವೆಂದು ಈ ಪುಸ್ತಕವನ್ನೇ ಮೇಜಿನ ಮೇಲಿಟ್ಟು, ನವೆಂಬರ್‌ನಿಂದ ಪೆನ್ಸಿಲ್ ಗುರುತುಗಳನ್ನು ಓದತೊಡಗಿದೆ. ಇಂಥವರು, ಇಂಥ ಸಾಲು, ಇಂಥ ದಿನ, ನಾನು ಬದಲಾಯಿಸಿದ್ದು. ಮೊದಲ ಐದಾರಕ್ಕೆ ನಕ್ಕರು. ಹತ್ತಾಗುವಷ್ಟರಲ್ಲಿ ನಗು ನಿಂತಿತು. ಅರವತ್ತಮೂರು ಓದಲು ಹನ್ನೊಂದು ನಿಮಿಷ ಬೇಕಾಯಿತು. ಐವತ್ತೇಳನೆಯದು ಬಂದಾಗ ಸ್ಟೂಲಿನ ಕಡೆ ನೋಡಿ ಓದಿದೆ: ಎರಡನೇ ಮಹಡಿ, ಕಾಯುವ ಹೊತ್ತು ನೂರೆಪ್ಪತ್ತು, ಹದಿನೇಳು ಮಾಡಿದ್ದು ನಾನು. ಆಮೇಲೆ ಮತ್ತೊಂದು ಸಲವೂ ನಾನೇ. ಲೀಡರ್ ಅಲ್ಲ.

ಮೈಕುವೇ ಮೊದಲು ಎದ್ದದ್ದು. ಅವನ ದನಿ ಇಷ್ಟು ಸಣ್ಣದಾಗಿ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

"ಅಂದ್ರೆ ಬೆಕ್ಕು ನಾನು ನಡೆಸಿದ್ದಲ್ವಾ ಮಿಸ್?"

ಅರ್ಧ ನೀನು, ಅರ್ಧ ನಾನು ಎಂದೆ. ಅವನು ಕೂತ. ಆಮೇಲೆ, ಅಮ್ಮನಿಗೆ ನಾಲ್ಕು ಸಲ ಹೇಳಿದೆ ಎಂದ. ನನಗೋ ಯಾರಿಗೋ ಅಲ್ಲ, ಕೀಬೋರ್ಡಿಗೆ. ಕಣ್ಣು ತುಂಬಿ ಬಂತು ನನಗೆ. ಮಕ್ಕಳ ಎದುರು ಅಳಬಾರದೆಂದು ಬೋರ್ಡ್ ಒರೆಸಿದೆ. ಬೋರ್ಡಿನಲ್ಲಿ ಏನೂ ಬರೆದಿರಲಿಲ್ಲ.

ಲೀಡರಮ್ಮ ಕೈ ಎತ್ತಿ ತನ್ನದೆಷ್ಟು ಎಂದು ಕೇಳಿದಳು. ಎರಡು. ಹೋಗಲಿ ಎಂಬಂತೆ ತಲೆಯಾಡಿಸಿದಳು, ಎಂಥ ಹೊತ್ತಲ್ಲೂ ಲೀಡರೇ. ಆಮೇಲೆ ಕನ್ನಡಕದ ಹುಡುಗಿ, ಮಿಸ್, ನಮ್ಮ ತಪ್ಪುಗಳನ್ನು ವಾಪಸ್ ಹಾಕಿಕೊಡಿ ಎಂದಳು. ಅರ್ಥವಾಗಲಿಲ್ಲ. ಎಲ್ಲ ಬರೆದಿಟ್ಟಿದ್ದೀರಲ್ಲ, ಇದ್ದ ಹಾಗೇ ವಾಪಸ್ ಹಾಕಿ, ನಾವೇ ಹುಡುಕ್ತೀವಿ ಎಂದಳು. ಹೌದು ಎಂದು ಒಬ್ಬರ ಹಿಂದೆ ಒಬ್ಬರು ಹೇಳಿದರು. ಎರಡು ವಾರ ಸಾಲದು ಎಂದೆ. ಸಾಲದಿದ್ದರೆ ಬೇಡ ಎಂದರು.

ನಿಧಾನಿ ಹೋಗುವಾಗ ಲೀಡರಮ್ಮನ ಬೆಂಚಿನ ಹತ್ತಿರ ಒಂದು ಗಳಿಗೆ ನಿಂತಳು. ಲೀಡರಮ್ಮ ಬ್ಯಾಗನ್ನು ಪಕ್ಕದ ಜಾಗದಿಂದ ತೆಗೆಯಲಿಲ್ಲ. ನಿಧಾನಿ ಹೋದಳು. ಇದೂ ನಾನೇ ಮಾಡಿದ್ದು, ಇದಕ್ಕೆ ಪೆನ್ಸಿಲ್ ಗುರುತಿಲ್ಲ.

ಜನವರಿ 25, ಶನಿವಾರ. ಮಧ್ಯಾಹ್ನ

ಬೆಳಗ್ಗೆಯಿಂದ ತಪ್ಪು ಮಾಡುತ್ತ ಕೂತಿದ್ದೇನೆ. ಹುಟ್ಟಿದಾಗಿನಿಂದ ಬೇಕೆಂದೇ ತಪ್ಪು ಒತ್ತಿದ್ದಿಲ್ಲ. ಅಯ್ಯೋ, ಎಷ್ಟು ಕಷ್ಟ. ಮುಚ್ಚಿದ ಬ್ರಾಕೆಟ್ ತೆಗೆಯುತ್ತೇನೆ, ಬೆರಳು ತಾನಾಗೇ ಮತ್ತೆ ಮುಚ್ಚುತ್ತದೆ. ಮೈನಸ್ ಅಳಿಸಿದೆ, ಇಡೀ ಮನೆ ಬಲಗಡೆಗೆ ಸರಿದು ಹೋಯಿತು. ಬೆಕ್ಕನ್ನು ಗಾಳಿಗೆ ಬಿಟ್ಟೆ. ಉದ್ದನೆಯ ಹುಡುಗ ದೀಪಕ್ಕೆ ಬರೆದ ಮೂಲ ಸಾಲು ನನ್ನ ಗುರುತಿನಲ್ಲಿ ಅರ್ಧವೇ ಇತ್ತು, ಅವನಿಗೇ ಫೋನ್ ಮಾಡಿ ಕೇಳಿದೆ. ನೀನು ಹೇಗೆ ತಪ್ಪು ಮಾಡಿದ್ದೆ, ನೆನಪಿದೆಯಾ ಎಂದು. ಅವನು ಗಂಭೀರವಾಗಿ ಯೋಚಿಸಿ ಹೇಳಿದ.

ನಿಧಾನಿಯ ಎರಡು ಬಿಟ್ಟು ಉಳಿದ ಅರವತ್ತೊಂದೂ ಆದವು. ಅವಳ ಖಾಲಿ ಫೈಲನ್ನು ಮುಟ್ಟಲಿಲ್ಲ. ಅಲ್ಲಿ ಹಾಕಲು ನನ್ನದೇನೂ ಇಲ್ಲ.

ಜನವರಿ 31, ಶುಕ್ರವಾರ

ಒಂದು ವಾರ ಬರೆಯಲಾಗಲಿಲ್ಲ. ಬರೆಯಲು ಏನೂ ಇರಲಿಲ್ಲ ಎಂದಲ್ಲ. ಸಂಜೆ ಐದರವರೆಗೆ ಮಕ್ಕಳು ಹೋಗುವುದೇ ಇಲ್ಲ.

ಇವತ್ತಿಗೆ ಹದಿನಾಲ್ಕು ಕಿಟಕಿ ಓಡುತ್ತಿವೆ. ಉಳಿದವು ಕತ್ತಲು, ಇಲ್ಲವೇ ಭೂತಚೇಷ್ಟೆ. ನನ್ನ ಕೆಲಸ ಕೈ ಕಟ್ಟಿಕೊಂಡು ಓಡಾಡುವುದು. ಕರೆದರೆ ಹೋಗುವುದು, ಕರೆಯದಿದ್ದರೆ ಮುಂದೆ ಹೋಗುವುದು. ಅಂಗೈ ಕಡಿಯುತ್ತದೆ. ತಪ್ಪು ಹತ್ತನೇ ಸಾಲಿನಲ್ಲಿ ಹಲ್ಲು ಕಿರಿದು ಕೂತಿರುತ್ತದೆ, ಅವರು ಮೂವತ್ತನೇ ಸಾಲಿನಲ್ಲಿ ಹುಡುಕುತ್ತಿರುತ್ತಾರೆ. ನಾಲಿಗೆ ಕಚ್ಚಿಕೊಂಡು ಕಚ್ಚಿಕೊಂಡು ಊಟ ಮಾಡುವಾಗ ಉರಿಯುತ್ತಿದೆ.

ಮೈಕು ನನ್ನ ಮುಖ ನೋಡುವುದಿಲ್ಲ. ಬರುತ್ತಾನೆ, ಕೂರುತ್ತಾನೆ, ಬೆಕ್ಕಿನ ಜೊತೆ ಗುದ್ದಾಡುತ್ತಾನೆ, ಹೋಗುತ್ತಾನೆ. ಲ್ಯಾಬ್ ಇಷ್ಟು ಶಾಂತವಾಗಿ ಯಾವತ್ತೂ ಇರಲಿಲ್ಲ. ಆ ಶಾಂತಿ ನನಗೆ ಬೇಡ.

ನಿಧಾನಿ ವಾಪಸ್ ಬಂದಿದ್ದಾಳೆ, ಬುಧವಾರದಿಂದ. ಯಾರೂ ಕರೆಯಲಿಲ್ಲ. ಬಾಗಿಲ ಹತ್ತಿರದ ಸ್ಟೂಲ್‌ನಲ್ಲೇ ಕೂತು, ಎರಡು ಬೆರಳಿನಲ್ಲಿ ಮೊದಲಿನಿಂದ ಬರೆಯುತ್ತಿದ್ದಾಳೆ. ಪ್ರತಿ ಸಾಲು ಬರೆದ ಮೇಲೂ ನಿಲ್ಲಿಸಿ ಹಿಂದಕ್ಕೆ ಹೋಗಿ ಓದುತ್ತಾಳೆ. ಮೊದಲು ಹೀಗೆ ಮಾಡುತ್ತಿರಲಿಲ್ಲ. ಸರಿಯಾಗಿ ಬರೆದದ್ದನ್ನೂ ಅಳಿಸಿ ಮತ್ತೆ ಅದನ್ನೇ ಬರೆಯುತ್ತಾಳೆ. ಇದನ್ನು ನೋಡುವುದು ನನಗೆ ಉಳಿದದ್ದೆಲ್ಲಕ್ಕಿಂತ ಕಷ್ಟ. ಅವಳು ತನ್ನನ್ನು ತಾನು ನಂಬುವ ಹಾಗೆ ಹೇಗೆ ಮಾಡಲಿ. ಆ ಒಂದು ಸೊನ್ನೆ ತೆಗೆದಾಗ ಅವಳ ಕೈಯಿಂದ ಏನನ್ನೋ ತೆಗೆದುಬಿಟ್ಟೆ.

ಸಂಜೆ ಹೆಡ್‌ಮಾಸ್ಟರ್ ಬಂದರು. ಗೋಡೆ ನೋಡಿ ಗಾಬರಿಯಾದರು, ಎರಡು ವಾರದ ಹಿಂದೆ ಚೆನ್ನಾಗಿತ್ತಲ್ಲ ಎಂದರು. ಆಗ ಅದು ನನ್ನದಾಗಿತ್ತು ಸರ್, ಈಗ ಮಕ್ಕಳದ್ದು ಎಂದೆ. ಕೆಟ್ಟ ಮನುಷ್ಯ ಅಲ್ಲ ಅವರು, ಅವರ ಚಿಂತೆ ಅವರಿಗೆ. ಪಾಲಕರು ಬರುವ ದಿನ ಅರ್ಧ ಕಟ್ಟಡ ಕತ್ತಲಿದ್ದರೆ ಹೇಗೆ, ಅವತ್ತೊಂದು ದಿನ ಹಳೆಯದನ್ನೇ ಹಾಕಿ, ಯಾರಿಗೆ ಗೊತ್ತಾಗುತ್ತೆ ಎಂದರು. ಇಪ್ಪತ್ತನಾಲ್ಕು ಜನಕ್ಕೆ ಗೊತ್ತಾಗುತ್ತೆ ಸರ್ ಎಂದೆ. ನಿಮ್ಮಿಷ್ಟ ಎಂದು ಹೋದರು. ಆ "ನಿಮ್ಮಿಷ್ಟ" ಇಡೀ ಸಂಜೆ ಕಿವಿಯಲ್ಲೇ ಇತ್ತು.

ಫೆಬ್ರವರಿ 6, ಗುರುವಾರ

ಹಳೆಯದರ ಒಂದು ಪ್ರತಿ ನನ್ನ ಪೆನ್‌ಡ್ರೈವಿನಲ್ಲಿತ್ತು. ಮಕ್ಕಳಿಗೂ ಹೇಳಿರಲಿಲ್ಲ, ಇವರಿಗೂ ಹೇಳಿರಲಿಲ್ಲ, ಇಲ್ಲಿಯೂ ಬರೆದಿರಲಿಲ್ಲ. ಕೈಲಾಗದಿದ್ದರೆ ಇರಲಿ ಎಂದು. ಇವತ್ತು ಅಳಿಸಿದೆ. ಅಳಿಸಿದ ಮೇಲೆ ಎರಡು ಲೋಟ ನೀರು ಕುಡಿದೆ.

ಹತ್ತೊಂಬತ್ತು ಕಿಟಕಿ.

ಮೈಕು ಹೋಗುವಾಗ ನಿಂತ. ಬೆಕ್ಕು ಕಟ್ಟೆಗೆ ಇಳಿದಿದೆ, ಆದರೆ ಹಿಂದಕ್ಕೇ ನಡೆಯುತ್ತದೆ ಎಂದ. ಮೂರು ದಿನ ಹುಡುಕಿದರೂ ಸಿಗಲಿಲ್ಲವಂತೆ. ನೋಡಲಾ ಎಂದೆ. ಬೇಡ ಎಂದ. ಹಿಂದಕ್ಕೆ ನಡೆಯುವ ಬೆಕ್ಕು ಯಾರ ಹತ್ತಿರವೂ ಇಲ್ಲ, ಹಾಗೇ ಇರಲಿ, ಯಾರೂ ಮುಟ್ಟಬೇಡಿ ಎಂದ. ಹೊರಗೆ ಹೋಗಿ ಯಾರಿಗೋ ಅದನ್ನೇ ಕೂಗಿ ಹೇಳಿದ್ದು ಮೂಲೆಯ ಅಂಗಡಿಯವರೆಗೂ ಕೇಳಿಸಿತು. ಸದ್ಯ.

ಫೆಬ್ರವರಿ 8, ಶನಿವಾರ. ಸಂಜೆ 6

ಆಯಿತು. ಕಾಲು ಬಿದ್ದುಹೋಗುವಷ್ಟು ನೋವು.

ಇಪ್ಪತ್ತನಾಲ್ಕರಲ್ಲಿ ಮೂರು ಕತ್ತಲೇ ಉಳಿದವು. ಅವುಗಳ ಕೆಳಗೆ ಆ ಮೂವರೂ "ಕೆಲಸ ನಡೆಯುತ್ತಿದೆ" ಎಂದು ಚೀಟಿ ಅಂಟಿಸಿದ್ದರು. ಅಪ್ಪಂದಿರು ನಕ್ಕರು. ಮೈಕುವಿನ ಅಮ್ಮ ಹಿಂದಕ್ಕೆ ನಡೆಯುವ ಬೆಕ್ಕನ್ನು ನೋಡಿ, ಫೋನಿನಲ್ಲಿ ಮುಂದಕ್ಕೆ ಹೋಗುತ್ತಿತ್ತಲ್ಲ ಎಂದು ನನ್ನನ್ನೇ ಕೇಳಿದರು. ಅದು ನಾನು ತಿದ್ದಿದ್ದು, ಇದು ಪೂರ್ತಿ ನಿಮ್ಮ ಮಗನದು ಎಂದೆ. ಅವರು ಸ್ವಲ್ಪ ಹೊತ್ತು ನೋಡಿ, ಇದೇ ಚೆನ್ನಾಗಿದೆ ಎಂದರು. ಇವನು ಪಕ್ಕದಲ್ಲೇ ನಿಂತು ಬೂಟಿನ ಲೇಸ್ ನೋಡಿಕೊಳ್ಳುತ್ತಿದ್ದ, ಕಿವಿ ಕೆಂಪಾಗಿತ್ತು.

ಎರಡು ನಿಮಿಷವಾಗುವಷ್ಟರಲ್ಲಿ ಜನ ಪಕ್ಕದ ಕೋಣೆಗೆ ಹೊರಟರು, ಅಲ್ಲಿ ವಿಜ್ಞಾನದವರ ಪ್ರದರ್ಶನ. ಎರಡನೇ ಮಹಡಿಯ ಆ ಕಿಟಕಿ ಇನ್ನೂ ಕತ್ತಲು. ಅದಕ್ಕೆ ಚೀಟಿ ಇರಲಿಲ್ಲ. ನಿಧಾನಿ ಗೋಡೆಗೆ ಒರಗಿ ನಿಂತಿದ್ದಳು, ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಕೇಳದೆ ಕೈ ಹಾಕಿದ್ದು ಸಾಕಾಗಿತ್ತು. ಆಗ ಲೀಡರಮ್ಮ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಳು.

"ಇನ್ನೊಬ್ರು ಬರೋದಿದೆ. ಅವ್ರಿಗೆ ಸ್ವಲ್ಪ ಹೊತ್ತು ಬೇಕು. ನಿಲ್ಲಿ."

ಕಾಯಲು ಬಾರದ ಹುಡುಗಿ. ಅರ್ಧ ಜನ ಆಗಲೇ ಹೋಗಿದ್ದರು, ಉಳಿದ ಹತ್ತು ಹನ್ನೆರಡು ಮಂದಿ ನಿಂತರು. ಹೆಡ್‌ಮಾಸ್ಟರ್ ಕೂಡ. ಯಾರೋ ಕೆಮ್ಮಿದರು. ಅಜ್ಜಿ ಬಂದಳು. ಗೋಡೆ ಹಿಡಿದುಕೊಂಡು, ನಿಂತು, ಮತ್ತೊಂದು ಹೆಜ್ಜೆ ಇಟ್ಟು, ಬಗ್ಗಿ ಕೆಳಗೆ ನೋಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ನಿಂತಿದ್ದ ಒಬ್ಬ ತಾಯಿ, ಅಮ್ಮಾ ಜೋಪಾನ ಎಂದರು, ಗೋಡೆಗೆ.

ಆಮೇಲೆ ಕುರ್ಚಿ ಬೆಂಚು ಎತ್ತಿಡುವಾಗ ನಿಧಾನಿ, ಲೀಡರಮ್ಮ ಇಬ್ಬರೂ ಒಂದೇ ಬೆಂಚಿನ ಎರಡು ತುದಿ ಹಿಡಿದಿದ್ದರು. ಮಾತಿರಲಿಲ್ಲ. ಬೆಂಚ್ ಮಾತ್ರ ಹೋಗಬೇಕಾದ ಕಡೆ ಹೋಯಿತು.

ಫೆಬ್ರವರಿ 10, ಸೋಮವಾರ. ಮಧ್ಯಾಹ್ನ 3.50, ಲ್ಯಾಬ್

ಪ್ರಾಜೆಕ್ಟ್ ಮುಗಿಯಿತು, ಇವತ್ತು ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ನಿಧಾನಿ ಬಂದಳು. ಹೊಸತೊಂದು ಬರೆಯುತ್ತಿದ್ದಾಳಂತೆ. ಮೆಟ್ಟಿಲು. ಅಜ್ಜಿ ಇಳಿಯಬೇಕು, ಇಳಿಯುತ್ತಿಲ್ಲ, ಎರಡನೇ ಮೆಟ್ಟಿಲಲ್ಲಿ ನಿಂತುಬಿಡುತ್ತಾರೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನಿಂದ ಏನಾಗಬೇಕು ಎಂದೆ.

"ಇದು ನಾನೇ ಮಾಡಿರೋ ತಪ್ಪು ಮಿಸ್. ಗ್ಯಾರಂಟಿ. ಎಲ್ಲಿದೆ ಅಂತ ಹೇಳ್ಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ."

ಕೂತಿದ್ದೇನೆ. ಕೈಗೊಂದು ಕೆಲಸ ಇರಲಿ ಎಂದು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ತಪ್ಪು ನನಗೆ ಕೂತ ಕೂಡಲೇ ಕಂಡಿತು. ಒಂಬತ್ತನೇ ಸಾಲು. ಬಾಯಿ ಮುಚ್ಚಿಕೊಂಡಿದ್ದೇನೆ. ಅವಳು ಮೇಲಿನಿಂದ ಶುರು ಮಾಡಿದಳು, ಬೆರಳಿಟ್ಟು ಓದುತ್ತ. ಒಂಬತ್ತಕ್ಕೆ ಬಂದಳು. ದಾಟಿ ಹೋದಳು. ಅಯ್ಯೋ. ಹದಿನೈದು. ಇಪ್ಪತ್ತು. ನಿಂತಳು. ಒಂದು ಸಾಲು ಅಳಿಸಲು ಹೋಗಿ, ಇಲ್ಲ, ಇದು ಸರಿ ಇದೆ ಎಂದು ತನಗೇ ಹೇಳಿಕೊಂಡು ಬಿಟ್ಟಳು. ಅಳಿಸಲಿಲ್ಲ. ಈಗ ಮತ್ತೆ ಮೇಲಕ್ಕೆ ಹೋಗುತ್ತಿದ್ದಾಳೆ. ಹದಿಮೂರು. ಹನ್ನೊಂದು. ಬೆರಳು ಒಂಬತ್ತರ ಮೇಲೆ ನಿಂತಿದೆ. ನನ್ನ ಕಡೆ ನೋಡುತ್ತಾಳೇನೋ ಎಂದುಕೊಂಡೆ, ನೋಡಲಿಲ್ಲ. ಕೀಬೋರ್ಡ್ ಹತ್ತಿರ ಎಳೆದುಕೊಂಡಳು, ಮತ್ತೆ —